ಪರದೆಯ ಮೇಲೆ ನಿಂತ ಏರಿಯಮ್ಮ

ಏರಿಯಮ್ಮನ ಪದಕ್ಕೆ ಕೂತ ಮೇಲೆ ಅದು ಮುಗಿಯುವವರೆಗೆ ಯಾರೂ ಏಳುವಂತಿಲ್ಲ, ಕಬ್ಬಿಣದ ಸದ್ದು ಆಗುವಂತಿಲ್ಲ. ಹೇಳುವವಳಿಗೆ ಉಸಿರು ಕಟ್ಟಿದರೆ ನಡುವೆ ಸುಧಾರಿಸಿಕೊಳ್ಳಬಹುದು. ಅಷ್ಟು ಹೊತ್ತೂ ಕೇಳುವವರು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತಾಯಿ ಬಂದು ಎದುರಿಗೆ ನಿಂತಿದ್ದಾಳೆ ಎಂಬ ಎಚ್ಚರದಲ್ಲಿ ಕೂತಿರಬೇಕು. ಏಳು ಪಾಲಿನ ಪದ ಅದು. ಮೊದಲ ಪಾಲಿನಲ್ಲಿ ತಾಯಿಯನ್ನು ಕೆರೆ ಏರಿಯ ಕಲ್ಲಿನಿಂದ ಕರೆಸುವುದು, ನಡುವಿನ ಐದರಲ್ಲಿ ಅವಳ ಕಥೆ, ಕೊನೆಯದರಲ್ಲಿ ಅವಳನ್ನು ಮತ್ತೆ ಕಲ್ಲಿಗೆ ಕಳಿಸುವುದು. ಕರೆಸಿ ಕಳಿಸದೆ ಬಿಟ್ಟರೆ ಏನಾಗುತ್ತದೆಂದು ಹಾಗಲವಾಡಿಯಲ್ಲಿ ಯಾರೂ ಹೇಳುವುದಿಲ್ಲ. ಹಾಗೆ ಬಿಟ್ಟವರೇ ಇಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಪದವನ್ನು ಒಬ್ಬಳು ಇನ್ನೊಬ್ಬಳಿಗೆ ಕೊಟ್ಟಳೆಂದರೆ, ಕೊಟ್ಟವಳ ಬಾಯಲ್ಲಿ ಅದು ಉಳಿಯದು. ಇದನ್ನು ಸಿದ್ದಗಂಗಮ್ಮ ಕಣ್ಣಾರೆ ಕಂಡಿದ್ದಳು. ಮದುವೆಯಾಗಿ ಬಂದ ಮೂರನೆಯ ವರ್ಷ ಅತ್ತೆ ಅವಳ ಮಡಿಲಿಗೆ ಎಲೆ ಅಡಿಕೆ ಕಾಯಿ ಇಟ್ಟು ಪದ ಕೊಟ್ಟಳು. ಅದಾದ ಮೇಲೆ ಅತ್ತೆ ಇಪ್ಪತ್ತು ವರ್ಷ ಬದುಕಿದಳು. ಒಂದು ಸಾಲೂ ಅವಳ ಬಾಯಿಂದ ಹೊರಡಲಿಲ್ಲ. ಸಾಯುವ ಮುಂಚೆ ತುಟಿ ಅಲುಗಿಸಿ ಅಲುಗಿಸಿ, "ಎಲ್ಲೋಯ್ತೋ ಗಂಗೀ, ಒಂದು ಚೂರೂ ಸಿಗಾಕಿಲ್ಲ ಕಣೇ" ಎಂದು ಅತ್ತದ್ದನ್ನು ಸಿದ್ದಗಂಗಮ್ಮ ಮರೆತಿರಲಿಲ್ಲ.

ಈಗ ಅವಳಿಗೆ ಅರವತ್ತೆಂಟು. ಗಂಟಲಲ್ಲಿ ನಿಂಬೆಗಾತ್ರದ ಗಡ್ಡೆ. ತುಮಕೂರಿನ ಡಾಕ್ಟರು ಗುರುವಾರ ಆಪರೇಷನ್ ಎಂದಿದ್ದರು. ದನಿ ಬರಬಹುದು, ಬಾರದೆಯೂ ಇರಬಹುದು ಎಂದೂ ಹೇಳಿದ್ದರು. ಸೊಸೆ ಮಂಜುಳಮ್ಮನಿಗೆ ಪದ ತಗೊಳ್ಳುವ ಮನಸ್ಸಿತ್ತು, ಆದರೆ ಮುನ್ನೂರು ನುಡಿಯನ್ನು ಎರಡು ದಿನದಲ್ಲಿ ಬಾಯಿಗೆ ತುಂಬಿಕೊಳ್ಳುವುದು ಯಾರಿಂದಾದೀತು? ಊರಿನ ಮೇಷ್ಟ್ರು ಬರೆಯಲು ಕೂತರು. ಪದ ನಿಲ್ಲಿಸುವಂತಿಲ್ಲವಾಗಿ ಅವರ ಪೆನ್ನು ಮೂರನೆಯ ನುಡಿಗೇ ಹಿಂದೆ ಬಿತ್ತು. ಟೇಪು ತರ್ತೀನಿ ಅಂತ ಒಬ್ಬರೆಂದರು. ಸಿದ್ದಗಂಗಮ್ಮ ಕೈ ಮುಗಿದಳು. "ದನೀನ ಡಬ್ಬೀಲಿಟ್ಟು ಆಪರೇಸನ್ನಿಗೆ ಹೋದ್ರೆ ಅದು ಅಲ್ಲೇ ಕೂತ್ಕಂಡ್ರೆ?"

ಹೀಗಾಗಿ ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಮಾಘ ಮಾಸದ ಒಂದು ಮಂಗಳವಾರ ಅತ್ತೆ ಸೊಸೆ ಇಬ್ಬರೂ ಮೊದಲ ಬಸ್ಸಿಗೆ ಗುಬ್ಬಿಗೆ ಬಂದು, ಲಾಲ್ ಸಾಬರ ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೂತರು. ಲಾಲ್ ಸಾಬರ ಮಗ ನಯೀಮ್ ಎರಡು ವರ್ಷದ ಹಿಂದೆ ಅಲ್ಲಿ ಕಂಪ್ಯೂಟರ್ ಇಟ್ಟಿದ್ದ. ಲಗ್ನಪತ್ರಿಕೆ, ಕರಪತ್ರ ಎಲ್ಲ ಅದರಲ್ಲೇ. ಕನ್ನಡ ಟೈಪು ಮಾಡುವವಳು ಸ್ವರ್ಣಲತಾ. ಮಾತನಾಡುವ ವೇಗಕ್ಕೆ ಬೆರಳು ಓಡಿಸುತ್ತಾಳೆ ಎಂದು ಗುಬ್ಬಿಯಲ್ಲೆಲ್ಲ ಹೆಸರು.

"ಕುಟ್ಟೋ ಸದ್ದು ಆಗ್ತದಲ್ಲ ಅಜ್ಜಿ, ನಡೀತದಾ?" ಸ್ವರ್ಣಲತಾ ಕೀಬೋರ್ಡು ತೋರಿಸಿ ಕೇಳಿದಳು.

ಸಿದ್ದಗಂಗಮ್ಮ ಒಂದು ಗುಂಡಿ ಒತ್ತಿ ನೋಡಿದಳು. "ಇದು ಕಬ್ಬಿಣ ಅಲ್ವಲ್ಲ. ತಾಳ ಇದ್ದಂಗೈತೆ. ಇರ್ಲಿ ಬುಡು."

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ನಯೀಮ್ ಮೂಲೆಯಲ್ಲಿ ಕೂತ. "ನಾನು ಉಸ್ರಾಡಬೌದಾ ಅಜ್ಜಿ?"

"ಮೆತ್ತಗೆ ಆಡು ಸಾಬಣ್ಣ" ಎಂದಳು ಸಿದ್ದಗಂಗಮ್ಮ. ಮಂಜುಳಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಕುಣಿಗಲ್ ಕಡೆಯ ಹೆಣ್ಣು. "ನಿಮ್ಮೂರ ಕೆರೆ ದೊಡ್ಡದು, ನಗು ಅದಕ್ಕಿಂತ ದೊಡ್ಡದು" ಎಂದು ಅತ್ತೆ ಹದಿನೈದು ವರ್ಷದಿಂದ ಆಡಿಕೊಳ್ಳುತ್ತಲೇ ಇದ್ದಳು.

ಸಿದ್ದಗಂಗಮ್ಮ ಎಲೆ ಅಡಿಕೆ ಕಾಯಿಯನ್ನು ಸೊಸೆಯ ಮಡಿಲಿಗಿಟ್ಟಳು. "ನಿಂಗೇ ಕೊಡ್ತಾ ಇರೋದು ಕಣೇ. ಈ ಪೆಟ್ಟಿಗೆ ಬರೀ ದಾರಿ" ಎಂದು ಕಣ್ಣು ಮುಚ್ಚಿ ಕರೆಸುವ ಪದ ಎತ್ತಿಕೊಂಡಳು.

ಮೊದಲ ಪಾಲು ಮುಗಿದಾಗ ಸ್ವರ್ಣಲತಾ ರೂಢಿಯಂತೆ ಬರೆದದ್ದನ್ನು ಫ್ಲಾಪಿಯಲ್ಲಿ ಉಳಿಸಲು ಹೋದಳು. ಪೆಟ್ಟಿಗೆಯ ಹೊಟ್ಟೆಯಲ್ಲಿ ಗರ್ ಗರ್ ಎಂದು ಕಬ್ಬಿಣ ಉಜ್ಜಿದ ಸದ್ದಾಯಿತು. ಸಿದ್ದಗಂಗಮ್ಮ ಬೆಚ್ಚಿ ಕಣ್ಣು ತೆರೆದಳು. ಕೈಯೆತ್ತಿ ಬೇಡವೆಂದಳು. ಸ್ವರ್ಣಲತಾ ಅರ್ಧಕ್ಕೇ ನಿಲ್ಲಿಸಿದಳು. ಎಲ್ಲ ಮುಗಿದ ಮೇಲೆ ಒಂದೇ ಸಲ ಉಳಿಸಿದರಾಯಿತು ಎಂದುಕೊಂಡಳು. ಆಗ ಬೆಳಿಗ್ಗೆ ಹತ್ತೂವರೆ.

ಆರನೆಯ ಪಾಲು ಮುಗಿಯುವಾಗ ಮೂರು ಗಂಟೆಯಾಗಿತ್ತು. ಸಿದ್ದಗಂಗಮ್ಮನಿಗೆ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಗಡ್ಡೆ ಮೇಲೆದ್ದು ಉಸಿರಿಗೆ ಅಡ್ಡ ಕೂತಂತಾಗಿ ಅವಳು ಗೋಡೆಗೊರಗಿದಳು. ಉಳಿದ ಮೂವರೂ ಕಟ್ಟಳೆಯಂತೆ ಮಡಿಲಲ್ಲಿ ಕೈಯಿಟ್ಟು ಅಲುಗದೆ ಕೂತರು. ಮಂಜುಳಮ್ಮನ ಕಣ್ಣಲ್ಲಿ ನೀರಿತ್ತು, ಆದರೂ ಏಳಲಿಲ್ಲ. ಸ್ವರ್ಣಲತಾಳ ಕೈಗೂ ಕೀಬೋರ್ಡಿಗೂ ನಡುವೆ ಒಂದು ಗೇಣು ದೂರ. ಅಷ್ಟನ್ನೂ ಅವಳು ದಾಟಲಿಲ್ಲ.

ಹೀಗೆ ಐದು ನಿಮಿಷ ಹೋಯಿತು.

ಕೆಮ್ಮು ಅಡಗಿ ಸಿದ್ದಗಂಗಮ್ಮ ತಲೆಯೆತ್ತಿದಾಗ ಪರದೆಯ ಮೇಲೆ ಏನೋ ಹರಿಯುತ್ತಿತ್ತು. ಅವಳಿಗೆ ಓದು ಬಾರದು. ಬೆಳಿಗ್ಗೆಯಿಂದ ಅಲ್ಲಿ ಬಿಳಿಯ ನೆಲದ ಮೇಲೆ ಕರಿಯಿರುವೆ ಸಾಲುಗಟ್ಟಿದಂತೆ ಅಕ್ಷರ ಬೆಳೆಯುವುದನ್ನು ನೋಡುತ್ತಿದ್ದಳು. ಈಗ ಓರೆಯಾಗಿ ಒಂದು ಕಪ್ಪು ಗೆರೆ ಬಂತು. ಅದು ಮುರಿದು ಎರಡಾಯಿತು, ಎರಡು ನಾಲ್ಕಾಯಿತು. ಮೂಲೆಯಲ್ಲೊಂದು ಚೌಕ ಹುಟ್ಟಿತು. ಚೌಕದೊಳಗೆ ಚೌಕ, ಅದರೊಳಗೆ ಮತ್ತೂ ಸಣ್ಣ ಚೌಕ. ಒಂದು ಚೌಕ ಪಕ್ಕದ್ದನ್ನು ನುಂಗಿ ದೊಡ್ಡದಾಗುತ್ತಿತ್ತು, ದೊಡ್ಡದಾದದ್ದು ಇನ್ನೊಂದನ್ನು ನುಂಗುತ್ತಿತ್ತು. ಅದು ಹಾದು ಹೋದ ಕಡೆ ಇರುವೆ ಸಾಲು ಛಿದ್ರವಾಗಿತ್ತು.

"ಏನವ್ವಾ ಅದು?" ಎಂದಳು ಸಿದ್ದಗಂಗಮ್ಮ. ದನಿ ಕೀರಲಾಗಿತ್ತು.

ಸ್ವರ್ಣಲತಾಳ ಮುಖ ಬಿಳುಚಿತ್ತು. "ನಂದೇ ಅಜ್ಜಿ. ನಾನೇ ಬರ್ದಿದ್ದು."

ತುಮಕೂರಿನಲ್ಲಿ ಆರು ತಿಂಗಳು ಕ್ಲಾಸಿಗೆ ಹೋಗಿ ಕಲಿತ ವಿದ್ಯೆಯಲ್ಲಿ ಹೋದ ವಾರ ಅವಳು ಅದನ್ನು ಹೆಣೆದಿದ್ದಳು. ಐದು ನಿಮಿಷ ಯಾರೂ ಮುಟ್ಟದಿದ್ದರೆ ಕಂಪ್ಯೂಟರ್ ತಾನೇ ಚಿತ್ತಾರ ಬಿಡಿಸಬೇಕು, ಅಷ್ಟೆ. ಕೀ ಒತ್ತಿದರೆ ನಿಲ್ಲಬೇಕು ಎಂಬ ಎರಡು ಸಾಲು ಬರೆಯುವುದು ಬಾಕಿ ಉಳಿದಿತ್ತು. ಖಾಲಿ ಪರದೆಯ ಮೇಲೆ ಓಡಿಸಿ ನೋಡಿದ್ದಳೇ ಹೊರತು ಬರೆದ ಹಾಳೆಯ ಮೇಲೆ ಎಂದೂ ಓಡಿಸಿರಲಿಲ್ಲ. ಈಗ ಅವಳು ಕೀಬೋರ್ಡಿನ ಮೇಲೆ ಕೈಯಾಡಿಸಿದಳು. ಕಂಪ್ಯೂಟರ್ ಕೇಳಲಿಲ್ಲ. ಚೌಕಗಳು ತಮ್ಮ ಪಾಡಿಗೆ ತಾವು ನುಂಗುತ್ತಲೇ ಇದ್ದವು.

ಸಿದ್ದಗಂಗಮ್ಮ ನೋಡುತ್ತ ಕೂತಳು. ಅವಳಿಗೆ ಅದು ಯಾರು ಬರೆದದ್ದೆಂಬುದು ಮುಖ್ಯವಾಗಲಿಲ್ಲ. ತಾಯಿಯನ್ನು ಕರೆಸಿದ್ದಾಗಿತ್ತು, ಕಳಿಸಿರಲಿಲ್ಲ. ನಡುವೆ ಕೆಮ್ಮು ಬಂದು ಬಾಯಿ ಕಟ್ಟಿತ್ತು. ಬಂದವಳು ಎಷ್ಟು ಹೊತ್ತು ಅಂತ ನಿಂತಾಳು? ನಿಲ್ಲಲು ಏರಿಯಿಲ್ಲ, ಕಲ್ಲಿಲ್ಲ, ಕಂಡ ಪೆಟ್ಟಿಗೆಯೊಳಗೆ ಹೊಕ್ಕಿದ್ದಾಳೆ. ಹೊಕ್ಕವಳು ತನ್ನ ಪದವನ್ನು ತಾನೇ ತಿನ್ನುತ್ತಿದ್ದಾಳೆ.

ಬೆಳಿಗ್ಗೆ ಹೇಳಿದ ಮೊದಲ ನುಡಿಯನ್ನು ಮನಸ್ಸಿನಲ್ಲೇ ಎತ್ತಿಕೊಳ್ಳಲು ನೋಡಿದಳು. 'ಏಳು ಬಾ ನಮ್ಮವ್ವ' ಎಂಬಲ್ಲಿಗೆ ನಾಲಗೆ ನಿಂತಿತು. ಮುಂದೆ? ಎರಡನೆಯ ಪಾಲು ಹುಡುಕಿದಳು. ಮೂರನೆಯದು. ನಲವತ್ತೆಂಟು ವರ್ಷದಿಂದ ಕೈಯಿಟ್ಟರೆ ಸಿಗುತ್ತಿದ್ದ ಕಡೆ ಈಗ ಬರಿಗೋಡೆ. ಅತ್ತೆಯ ಅಲುಗುವ ತುಟಿ ಕಣ್ಣ ಮುಂದೆ ಬಂತು.

"ಮಂಜೀ," ಎಂದಳು, "ನನ್ನತ್ರ ಇಲ್ಲ ಕಣೇ. ಹೋಗೈತೆ. ಎಲ್ಲಾ ಅದರೊಳಗೇ ಐತೆ."

ಅದೇ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಮೇಜಿನ ಕೆಳಗಿದ್ದ ಯುಪಿಎಸ್ ಪೆಟ್ಟಿಗೆ ಕುಂಯ್ ಕುಂಯ್ ಎಂದು ಕೂಗಲು ಶುರುಮಾಡಿತು.

"ಯಾ ಅಲ್ಲಾ" ಎಂದ ನಯೀಮ್. ಅದರ ಬ್ಯಾಟರಿ ಹಳೆಯದು. ಐದು ನಿಮಿಷ ಎಳೆದರೆ ದೊಡ್ಡದು. ಅದು ನಿಂತರೆ ಕಂಪ್ಯೂಟರ್ ಆರುತ್ತದೆ. ಆರಿದರೆ ಬೆಳಿಗ್ಗೆಯಿಂದ ಬರೆದದ್ದರಲ್ಲಿ ಒಂದಕ್ಷರವೂ ಎಲ್ಲೂ ಇರುವುದಿಲ್ಲ. ಇದನ್ನು ಅವನು ಮುಚ್ಚಿಡದೆ ಹೇಳಿಬಿಟ್ಟ. ಮಂಜುಳಮ್ಮ ಮಡಿಲಿನ ಕಾಯಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಇದನ್ನ ನಿಲ್ಸು ಸ್ವರ್ಣಾ! ಉಳ್ಸು!" ಎಂದ ನಯೀಮ್.

"ನಿಲ್ಸಕ್ಕಾಗಲ್ಲ ನಯೀಮಣ್ಣ. ಮುಗಿಸ್ದೆ ಅದು ಬೇರೆ ಮಾತು ಕೇಳಲ್ಲ. ಎರಡು ಸುತ್ತು ಐತೆ. ಸುತ್ತಿಗೆ ಮೂರು ನಿಮಿಷ."

"ಶುರುವಾಗಿ ಎಷ್ಟಾಯ್ತು?"

"ಒಂದು ನಿಮಿಷ ಆಗಿರ್ಬೇಕು."

ಇನ್ನು ಐದು ನಿಮಿಷ ಬೇಕು. ಇರುವುದೂ ಐದೇ, ಅದೂ ಇದ್ದರೆ. ನಯೀಮ್ ಬೆರಳು ಮಡಿಸಿ ಲೆಕ್ಕ ಹಾಕಿ ನೋಡಿದ.

ಮೇಜಿನ ಮೇಲೆ ಚೌಕಾಬಾರದ ಹುಣಸೆಬೀಜಗಳಿದ್ದವು. ಕರೆಂಟು ಹೋದಾಗ ಆಡಲೆಂದು ಸ್ವರ್ಣಲತಾ ಅವುಗಳ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿಟ್ಟುಕೊಂಡಿದ್ದಳು. ಒಂದು ಬೀಜ ತೆಗೆದು ಸಿದ್ದಗಂಗಮ್ಮನ ಅಂಗೈಯಲ್ಲಿಟ್ಟಳು.

"ಅಜ್ಜಿ, ಇಲ್ನೋಡಿ. ಈ ಪರದೆ ತುಂಬ ಹಿಂಗಿರೋ ಬೀಜ ಅಂದ್ಕಳಿ. ಅದು ಏನನ್ನೂ ತಿನ್ನಲ್ಲ. ಬೀಜ ಮಗುಚ್ತದೆ, ಅಷ್ಟೆ. ಕರೀದು ಬೆಳ್ಳಗಾಯ್ತದೆ, ಬಿಳೀದು ಕರ್ರಗಾಯ್ತದೆ. ಯಾವ ಬೀಜಕ್ಕೆ ಯಾವಾಗ ಸರದಿ ಅಂತ ಒಂದು ಲೆಕ್ಕ ಐತೆ. ಅದರ ಸಾಲೆಷ್ಟನೇದು, ಮನೆಯೆಷ್ಟನೇದು ಅನ್ನೋ ಎರಡು ಅಂಕೀನೂ ಕರಿ ಬಿಳಿ ಬೀಜದಲ್ಲೇ ಜೋಡ್ಸಿ ಎದುರುಬದುರು ಇಡೋದು. ಎರಡೂ ಒಂದೇ ಬಣ್ಣ ಇದ್ರೆ ಕರೀದು, ಬೇರೆ ಬೇರೆ ಇದ್ರೆ ಬಿಳೀದು. ಹಂಗೆ ಬಂದ ಅಂಕೀನೇ ಅದರ ಸರದಿ. ಒಂದು ಸುತ್ತಲ್ಲಿ ಒಂದು ಬೀಜವೂ ತಪ್ಪಲ್ಲ, ಯಾವುದೂ ಎರಡು ಸಲ ಮಗುಚಲ್ಲ." ಅವಳು ಅಜ್ಜಿಯ ಅಂಗೈಯ ಬೀಜವನ್ನು ಮಗುಚಿದಳು. ಮತ್ತೆ ಮಗುಚಿದಳು. "ಎರಡನೇ ಸುತ್ತಿಗೆ ಇದ್ದಂಗೇ ಆಯ್ತದೆ."

"ಆಯ್ತದಾ, ಆಗ್ಬೇಕಾ?" ಎಂದಳು ಸಿದ್ದಗಂಗಮ್ಮ.

ಸ್ವರ್ಣಲತಾ ಪರದೆಯ ಕಡೆ ನೋಡಿದಳು. "ಆಗ್ಬೇಕು ಅಜ್ಜಿ."

ಪರದೆಯ ಮೇಲೆ ಕೊನೆಯ ಬಿಳಿ ಗೆರೆಯೂ ಮುಚ್ಚಿಕೊಂಡಿತು. ಚಿತ್ತಾರ ಒಂದು ಉಸಿರು ನಿಂತಿತು. ನಿಂತಾಗ ಕಂಡದ್ದನ್ನು ನೋಡಿ ಮಂಜುಳಮ್ಮ "ಅಯ್ಯಯ್ಯೋ ಅತ್ತೇ" ಎಂದು ಮುಖ ಮುಚ್ಚಿಕೊಂಡಳು. ಅಕ್ಷರಗಳೆಲ್ಲ ಬಂದು ನಿಂತಿದ್ದವು. ಒಂದೂ ಬಿಡದೆ ಇದ್ದಲ್ಲೇ ಇದ್ದವು. ಆದರೆ ನೆಲವೆಲ್ಲ ಕಾಡಿಗೆಗಪ್ಪು, ಅಕ್ಷರ ಬೂದಿಯಂತೆ ಬಿಳಿ. ಬದುಕಿದ್ದವರ ಮುಖವನ್ನೇ ಸುಟ್ಟು ತೋರಿಸಿದಂತಿತ್ತು. ಸಿದ್ದಗಂಗಮ್ಮನಿಗೆ ಎದೆ ಹೊಡೆದುಕೊಳ್ಳುವುದು ಗಡ್ಡೆಯಲ್ಲಿ ಕೇಳಿಸಿತು. ಇದೇ ತಾಯಿಯ ಮುನಿಸಿನ ರೂಪ ಎಂದುಕೊಂಡಳು. ಇದಕ್ಕಿಂತ ಹೆಚ್ಚು ಅವಳು ತೋರಿಸುವುದಿಲ್ಲ, ತೋರಿಸಿದರೆ ನೋಡುವ ಕಣ್ಣು ಉಳಿಯುವುದಿಲ್ಲ.

ನೋಡುತ್ತಿದ್ದಂತೆ ಮತ್ತೆ ಓರೆಗೆರೆ ಬಂತು. ಎರಡನೆಯ ಸುತ್ತು ಹಿಡಿಯಿತು.

ಯುಪಿಎಸ್ ಕೂಗು ಬಿರುಸಾಯಿತು. ನಯೀಮ್ ಬಗ್ಗಿ ಅದರ ಕೆಂಪು ದೀಪ ನೋಡಿದ. "ಸಾಲಲ್ಲ ಇದು. ಎರಡು ನಿಮಿಷ, ಹೆಚ್ಚಂದ್ರೆ." ಆಮೇಲೆ ತಲೆಯೆತ್ತಿ, "ಮಾನಿಟರ್ ಆಫ್ ಮಾಡಿದ್ರೆ? ಬ್ಯಾಟ್ರಿ ಹೀರೋದೆಲ್ಲ ಅದೇ. ಒಳಗಡೆ ಕೆಲ್ಸ ನಡೀತಿರ್ತದೆ, ನಮಗೆ ಕಾಣಲ್ಲ ಅಷ್ಟೆ."

"ಕಾಣ್ದಿದ್ರೆ ಮುಗೀತಾ ಇಲ್ವಾ ಅಂತ ಹೆಂಗೆ ಗೊತ್ತಾಗ್ಬೇಕು ನಯೀಮಣ್ಣ? ಬೇಗ ಹಾಕಿದ್ರೆ ಮತ್ತೆ ಕರೆಂಟು ತಿಂತದೆ, ತಡ ಮಾಡಿದ್ರೆ ಎಲ್ಲಾ ಹೋಯ್ತದೆ." ಸ್ವರ್ಣಲತಾಳ ಕೈ ಮಾನಿಟರಿನ ಗುಂಡಿಯ ಹತ್ತಿರ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ಕಣ್ಣೆದುರು ಚೌಕಗಳು ಓಡಾಡುತ್ತಿರುವಷ್ಟು ಹೊತ್ತು ಏನೋ ಇದೆ ಎಂಬ ಆಸರೆಯಾದರೂ ಇತ್ತು. ಅದನ್ನೂ ಆರಿಸಿ ಕತ್ತಲ ಗಾಜನ್ನು ನೋಡುತ್ತ ಕೂರಲು ಅವಳಿಗೆ ಧೈರ್ಯ ಬರಲಿಲ್ಲ.

ಆಗ ಸಿದ್ದಗಂಗಮ್ಮನಿಗೆ ಒಂದು ಹೊಳೆಯಿತು. ಅಂಗೈಯ ಬೀಜವನ್ನು ಮುಚ್ಚಿ ಹಿಡಿದು ಒಳಗೆ ತಡಕಾಡಿದಳು. ಆರು ಪಾಲು ಹೋಗಿತ್ತು, ನಿಜ. ಏಳನೆಯದು? ಅದನ್ನು ಅವಳಿನ್ನೂ ಯಾರಿಗೂ ಕೊಟ್ಟಿರಲಿಲ್ಲ. ಬರಿಗೋಡೆಯ ಕೊನೆಯಲ್ಲಿ ಅದೊಂದು ಇದ್ದಲ್ಲೇ ಇತ್ತು, ಹನ್ನೊಂದು ನುಡಿ, ದೀಪ ಹಚ್ಚಿಟ್ಟಂತೆ.

"ಆರ್ಸು ಕೂಸೇ" ಎಂದಳು.

"ಅಜ್ಜಿ—"

"ಆರ್ಸು. ಬಂದೋಳನ್ನ ನೋಡ್ತಾ ಕೂತ್ಕಂಡ್ರೆ ಅವಳು ಹೋಗೋದೆಂಗೆ? ನಾನು ಕಳಿಸ್ತೀನಿ. ಪದ ಮುಗಿದ್ಮೇಲೆ ಹಚ್ಚು. ಮಂಜೀ, ಇತ್ತಾಗೆ ತಿರುಗು. ಇದನ್ನ ಬಾಯಿಂದ ಬಾಯಿಗೆ ಕೊಡ್ತೀನಿ. ನಾನಂದಂಗೆ ಅನ್ನು. ಒಂದೇ ಸಲ ಕಣೇ. ಇನ್ನೊಂದ್ಸಲ ಕೇಳಿದ್ರೆ ನನ್ನತ್ರ ಇರಾಕಿಲ್ಲ."

ಮಂಜುಳಮ್ಮ ಅತ್ತೆಯ ಕಡೆ ತಿರುಗಿದಳು. "ನಂಗೆ ನೆಪ್ಪಿರ್ತದಾ ಅತ್ತೇ? ನಾನು ಸಂತೇಲಿ ಉಪ್ಪು ತರೋದೇ ಮರೀತೀನಿ."

"ಉಪ್ಪು ಬೇರೆ ತರ್ಬೌದು" ಎಂದಳು ಅತ್ತೆ.

ಸ್ವರ್ಣಲತಾ ಗುಂಡಿ ಒತ್ತಿದಳು. ಪರದೆ ಸಣ್ಣ ಚುಕ್ಕಿಯಾಗಿ ಕುಗ್ಗಿ ಆರಿತು. ಮುಚ್ಚಿದ ಕಿಟಕಿಯ ಸಂದಿನಿಂದ ಬಂದ ಬಿಸಿಲ ಕೋಲೊಂದು ನೆಲದ ಮೇಲಿತ್ತು. ಯುಪಿಎಸ್ ಅರಚುತ್ತಿತ್ತು. ಆ ಅರಚಾಟದ ಮೇಲೆ ಸಿದ್ದಗಂಗಮ್ಮನ ದನಿ, ಗಡ್ಡೆಯ ಪಕ್ಕದಲ್ಲಿ ದಾರಿ ಮಾಡಿಕೊಂಡು, ಮೆಲ್ಲಗೆ ಎದ್ದಿತು.

ಹೋಗಿ ಬಾ ನಮ್ಮವ್ವ, ಹೊತ್ತು ಇಳಿಯುವ ಮುನ್ನ
ತೂಬಿನ ಕಲ್ಲು ತಣ್ಣಗವ್ವ, ನಿನ ಪಾದ
ಊರಿದ ಕಡೆಯೆಲ್ಲ ಹಸುರವ್ವ

ಮಂಜುಳಮ್ಮ ಹಿಂದೆ ಹಿಂದೆ ಹೇಳಿದಳು. ಅವಳ ದನಿಯಲ್ಲಿ ಕುಣಿಗಲ್ಲಿನ ರಾಗ ಇಣುಕುತ್ತಿತ್ತು. ಬೇರೆ ದಿನವಾಗಿದ್ದರೆ ಅತ್ತೆ ತಿದ್ದುತ್ತಿದ್ದಳು. ಈಗ ತಿದ್ದಲು ನಿಂತರೆ ತಾನೇ ದಾರಿ ತಪ್ಪುವ ಭಯ. ಒಂದು ನುಡಿ ಹೇಳಿ, ಸೊಸೆ ಅದನ್ನು ಎತ್ತಿಕೊಂಡಳೋ ಇಲ್ಲವೋ, ತನ್ನೊಳಗಿಂದ ಅದು ಕಳಚಿ ಹೋಗುವುದು ಸಿದ್ದಗಂಗಮ್ಮನಿಗೆ ತಿಳಿಯುತ್ತಿತ್ತು. ನಾಲ್ಕು ಹೋಯಿತು. ಐದು ಹೋಯಿತು. ಎಂಟನೆಯದರಲ್ಲಿ ಕೆಮ್ಮು ಮೇಲಕ್ಕೆ ಬಂತು. ಅದನ್ನು ನುಂಗಿದಳು. ಕಣ್ಣಲ್ಲಿ ನೀರು ಸುರಿಯಿತು. ಯುಪಿಎಸ್ ಕೂಗು ಬಿಡುವಿಲ್ಲದೆ ಒಂದೇ ಗೆರೆಯಾಗಿ ಎಳೆಯತೊಡಗಿತು. ನಯೀಮ್ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದ. ಸ್ವರ್ಣಲತಾಳ ಬೆರಳು ಗುಂಡಿಯ ಮೇಲೆ ಕೂತಿತ್ತು. ಮುಗಿಯಿತೇ ಎಂದು ಅವಳು ಕೇಳಲಿಲ್ಲ, ಪದ ಮುಗಿಯುವ ಮುಂಚೆ ಒತ್ತಲೂ ಇಲ್ಲ.

ಕರೆದ ಬಾಯಿಂದಲೆ ಕಳಿಸಿಕೊಡುತೀವಿ
ಮರೆತಾರೆ ಮುನಿಸು ಮಾಡಬ್ಯಾಡ, ನಮ್ಮವ್ವ
ಏರಿಯ ಬಿಟ್ಟು ಕದಲಬ್ಯಾಡ

ಹನ್ನೊಂದನೆಯದು. ಮಂಜುಳಮ್ಮ "ಕದಲಬ್ಯಾಡ" ಎಂದು ಮುಗಿಸಿದಳು. ಸಿದ್ದಗಂಗಮ್ಮ ತಲೆಯಲ್ಲಾಡಿಸಿದಳು.

ಸ್ವರ್ಣಲತಾ ಗುಂಡಿ ಒತ್ತಿದಳು. ಗಾಜು ಬೆಳಗಲು ಎಷ್ಟೋ ಹೊತ್ತು ಹಿಡಿದಂತಾಯಿತು. ಆಮೇಲೆ ಬಿಳಿಯ ನೆಲ ಕಂಡಿತು. ಅದರ ಮೇಲೆ ಕರಿಯಿರುವೆ ಸಾಲು ಒಂದೂ ಚೆದುರದೆ ನಿಂತಿತ್ತು. ಅವಳು ಉಳಿಸುವ ಕೀ ಒತ್ತಿದಳು. ಗರ್ ಗರ್ ಎಂದು ಕಬ್ಬಿಣ ಉಜ್ಜಿತು. ಸಿದ್ದಗಂಗಮ್ಮ ಈ ಸಲ ಬೆಚ್ಚಲಿಲ್ಲ. ಬೆಚ್ಚುವ ಕಾರಣ ಇರಲಿಲ್ಲ, ತಾಯಿ ಹೊರಟಾಗಿತ್ತು. ಗರ್ ಗರ್ ನಿಂತು ಫ್ಲಾಪಿಯ ಹಸಿರು ದೀಪ ಆರಿತು. ಅದರ ಬೆನ್ನಿಗೇ ಪರದೆಯೂ ಆರಿತು, ಯುಪಿಎಸ್ ಕೂಗೂ ಅಡಗಿತು. ಆಚೆ ರಸ್ತೆಯಲ್ಲಿ ಕೊಬ್ಬರಿ ಚೀಲ ಇಳಿಸುವವರ ಕೂಗು ಬೆಳಿಗ್ಗೆಯಿಂದ ಇತ್ತೇನೋ, ಈಗ ಕೇಳಿಸಿತು.

ಐದು ಗಂಟೆಗೆ ಕರೆಂಟು ಬಂತು. ಆರು ಪಾಲು ನಲವತ್ತು ಹಾಳೆಯಲ್ಲಿ ಅಚ್ಚಾಗಿ ಬಂತು. ಸ್ವರ್ಣಲತಾ ಕೊನೆಯ ಹಾಳೆಯನ್ನು ಖಾಲಿ ಬಿಟ್ಟು, "ಏಳನೇದು ಬರ್ಕೊಳ್ಲಾ ಮಂಜುಳಕ್ಕ?" ಎಂದಳು.

ಮಂಜುಳಮ್ಮ ಬಾಯಿ ತೆರೆಯುವಷ್ಟರಲ್ಲಿ ಸಿದ್ದಗಂಗಮ್ಮ ಅವಳ ಮೊಣಕೈ ಹಿಡಿದಳು. "ಬ್ಯಾಡ. ಕರೆಸ್ದೆ ಕಳಿಸೋ ಪದ ಅನ್ನಬಾರದು. ಕಲ್ಲಿನ ಮೇಲಿರೋಳು ಇನ್ನೆಲ್ಲಿಗೆ ಹೋಗ್ಬೇಕು?"

ಹೌದಲ್ಲ ಎಂದು ಸ್ವರ್ಣಲತಾ ಖಾಲಿ ಹಾಳೆಯನ್ನೂ ಕಟ್ಟಿಗೆ ಸೇರಿಸಿದಳು. ಬುಧವಾರ ಮಧ್ಯಾಹ್ನ ತುಮಕೂರಿನ ಬಸ್ಸಿನಲ್ಲಿ ಕೂತಾಗಲೇ ಆ ಮಾತಿನ ಭಾರ ಸಿದ್ದಗಂಗಮ್ಮನಿಗೆ ತಿಳಿದದ್ದು. ಹಾಳೆಯ ಕಟ್ಟು ಮಂಜುಳಮ್ಮನ ತೊಡೆಯ ಮೇಲಿತ್ತು. ಅದನ್ನು ಯಾರಿಂದಲಾದರೂ ಓದಿಸಿ ಕೇಳಿ ಕಲಿಯಬಹುದು. ಇನ್ನು ಪದ ಹೇಳುವುದು ಕೆರೆ ತುಂಬಿ ಕೋಡಿ ಬಿದ್ದ ದಿನವೇ. ಅಂದು ಏರಿಯ ಮೇಲೆ ನಿಂತು ಇವಳು ತಾಯಿಯನ್ನು ಕರೆಸುತ್ತಾಳೆ. ಐದು ವರ್ಷಕ್ಕೋ ಹತ್ತು ವರ್ಷಕ್ಕೋ. ಕರೆಸಿದ ಮೇಲೆ ಕಳಿಸಬೇಕಾದ ಹನ್ನೊಂದು ನುಡಿ, ಒಂದೇ ಸಲ ಕೇಳಿದ್ದು, ಅದೂ ಆ ಅರಚಾಟದ ನಡುವೆ, ಇವಳ ಬಾಯಲ್ಲಿ ಪೂರ್ತಿ ಇದೆಯೇ? ಅದನ್ನು ತಿಳಿಯುವುದು ಆ ದಿನವೇ. ಅದಕ್ಕೆ ಮುಂಚೆ ಕೇಳುವಂತಿಲ್ಲ. ಕೇಳಿದರೂ ಸರಿಯೋ ತಪ್ಪೋ ಹೇಳಲು ತನ್ನಲ್ಲಿ ಏನೂ ಉಳಿದಿಲ್ಲ.

ಬಸ್ಸು ಗುಬ್ಬಿ ದಾಟಿತು. ಸೊಸೆ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಅವಳ ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ.

"ಮಂಜೀ" ಎಂದಳು ಸಿದ್ದಗಂಗಮ್ಮ.

"ಏನತ್ತೇ?"

ಬಾಯಿಗೆ ಬಂದದ್ದನ್ನು ಅವಳು ಗಡ್ಡೆಯ ಹಿಂದೆಯೇ ತಡೆದುಕೊಂಡಳು. ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಹುಣಸೆಬೀಜವನ್ನು ಬಟ್ಟೆಯ ಮೇಲಿಂದಲೇ ಹಿಡಿದು ಮಗುಚಿದಳು, ಮತ್ತೆ ಮಗುಚಿದಳು. ಈಗ ಮೇಲಿರುವುದು ಕರಿಯದೋ ಬಿಳಿಯದೋ, ಬಿಚ್ಚದೆ ತಿಳಿಯುವಂತಿರಲಿಲ್ಲ.

"ಏನಿಲ್ಲ ಬುಡು" ಎಂದಳು. "ಹಾಳೆ ಜೋಪಾನ. ಗಾಳಿಗೆ ಹಾರೀತು."